ಉಗ್ರಾಣದ ಬಾಗಿಲು

ನನ್ನ ಕೆಲಸ ನೀರಿನ ಎತ್ತರ ಅಳೆಯುವುದು.
ಹೂಮಾ ಊರಿನ ತೆಂಕಲಿಗೆ, ಬೇಯೂ ದಂಡೆಯಲ್ಲಿ
ಅವತ್ತಿಗೆ ಅದು ಹನ್ನೊಂದನೆಯ ಮನೆ.
ಗೋಡೆಗಳು ಎದೆಮಟ್ಟ ಬೂಷ್ಟು ಹೊದ್ದಿದ್ದವು,
ಫ್ರಿಜ್ಜು ಅಂಗಾತ ಮಲಗಿತ್ತು.

ಉಗ್ರಾಣದ ಬಾಗಿಲು ತೆಗೆದೆ. ಒಳಮೈ ತುಂಬ
ಪೆನ್ಸಿಲ್ ಗೀಟು, ಅಂಕಿ, ಇಸವಿ.
ಮಕ್ಕಳ ಎತ್ತರ ಇರಬೇಕು ಅಂದುಕೊಂಡೆ.
ಆದರೆ ಯಾವ ಮಗು ಎಂಬತ್ತೇಳರಲ್ಲಿ ಐವತ್ತೆಂಟಿದ್ದು
ತೊಂಬತ್ತರಲ್ಲಿ ಹದಿನೆಂಟಕ್ಕೆ ಕುಗ್ಗುತ್ತದೆ?

"ಮಗುವಲ್ಲ, ಕಂಪನಿ," ಅಂದಳು ಅರ್ಲೀನ್ ಪೀಟ್ರ,
ರಬ್ಬರ್ ಬೂಟಿನಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು.
"ಬಾವಿಯೊಳಕ್ಕೆ ತಂತಿ ಇಳಿಸುವ ಕಂಪನಿ.
ಎಣ್ಣೆ ಅವರದಲ್ಲ, ಎಣ್ಣೆ ತೆಗೆಯುವವರ ಚಾಕರಿ ಅವರದು.
ಷೇರಿನ ಬೆಲೆ ತಗೊ, ವರ್ಷದ ಗಳಿಕೆಯಿಂದ ಭಾಗಿಸು.
ಒಂದು ಡಾಲರ್ ಲಾಭಕ್ಕೆ
ಎಷ್ಟು ಡಾಲರ್ ಬಿಚ್ಚುತ್ತಾರೆ ಜನ, ಅದು ಈ ಅಂಕಿ.
ಶಾಲೆಯ ಕ್ಯಾಂಟೀನಿನ ಗಲ್ಲಾದಲ್ಲಿ ಕೂತವಳಿಗೆ
ಇಷ್ಟು ಭಾಗಾಕಾರ ಕಷ್ಟವೆ?"

ಆರಕ್ಕೇರದ, ಮೂರಕ್ಕಿಳಿಯದ ಬಾಳು ಕಂಡಿದ್ದೇನೆ, ನನ್ನದೇ.
ಇದು ಅರವತ್ತರ ಹತ್ತಿರ ಹೋಗಿ ಏಳಕ್ಕೆ ಬಿದ್ದದ್ದು
ನಲವತ್ತು ವರ್ಷದಲ್ಲಿ ಎರಡು ಸಲ.

"ಏರಿದ್ದು ಒಳ್ಳೆಯ ಕಾಲವಾ?" ಕೇಳಿದೆ.
ನಕ್ಕಳು. "ತಿರುವುಮುರುವು.
ಗಳಿಕೆ ಸೊರಗಿ ಕಡ್ಡಿಯಾದಾಗ ಅಂಕಿ ಊದುತ್ತದೆ,
ಅನ್ನ ಕಾಣದ ಕೂಸಿನ ಹೊಟ್ಟೆಯ ಹಾಗೆ.
ಯಾರ್ಡಿನಲ್ಲಿ ಟ್ರಕ್ಕುಗಳು ಸಾಲಾಗಿ ತುಕ್ಕು ಹಿಡಿಯುತ್ತವೆ.
ಓವೀಡ್ ಮನೆಯಲ್ಲಿರುತ್ತಾನೆ. ಏಡಿ ಹಿಡಿಯುತ್ತಾನೆ,
ಬೇಡದ ಕಡೆಯೆಲ್ಲ ಕಪಾಟು ಹೊಡೆಯುತ್ತಾನೆ.
ಅಂಕಿ ಎಂಟಕ್ಕೆ ಇಳಿಯಿತೋ,
ಟೀವಿಯವರು 'ಅಗ್ಗ, ಕೊಳ್ಳಿ' ಅನ್ನುತ್ತಾರೆ,
ಅವನು ಇಪ್ಪತ್ತೆಂಟು ದಿನ ಕೊಲ್ಲಿಯ ನಡುವೆ, ಕಬ್ಬಿಣದ ಮೇಲೆ.
ಚೆಕ್ಕು ಬರುತ್ತದೆ. ಹಾಸಿಗೆಯ ಆ ಪಕ್ಕ ತಣ್ಣಗಿರುತ್ತದೆ.
ಅಗ್ಗ ಅಂತ ಕೊಂಡವರು ಆಮೇಲೆ ಅತ್ತರು, ಅದು ಬೇರೆ ಮಾತು.
ಇಬ್ಬರು ಮಕ್ಕಳ ನಡುವೆ ಹನ್ನೆರಡು ವರ್ಷ ಯಾಕಮ್ಮ
ಅಂತ ಪಾದ್ರಿ ಕೇಳಿದ್ದರು.
ಕರಕೊಂಡು ಬಂದು ಈ ಬಾಗಿಲು ತೋರಿಸಿದೆ."

"ಮತ್ತೆ ಆ ಬಾಗಿಲ ಪುರಾಣವಾ?"
ಅಂಗಳದಿಂದ ಗಂಡಸಿನ ದನಿ, ಸುತ್ತಿಗೆಯ ಸದ್ದು.

ಎರಡು ಕಡೆ ಅಂಕಿಯಿಲ್ಲ, ಬರೀ ಅಡ್ಡಗೆರೆ.
ಹದಿನೈದು, ಹದಿನಾರನೇ ಇಸವಿ.
"ನಷ್ಟದ ವರ್ಷಗಳು.
ಸೊನ್ನೆಯಿಂದ ಭಾಗಿಸಬಾರದು ಅಂತ
ಸಿಸ್ಟರ್ ಕ್ಲೋಟಿಲ್ಡ್ ಬೆರಳ ಗಿಣ್ಣಿಗೆ ಹೊಡೆದು ಕಲಿಸಿದ್ದಳು.
ಸೊನ್ನೆಗಿಂತ ಕೆಳಗಿದ್ದರೆ ಏನು ಮಾಡಬೇಕು, ಹೇಳಿರಲಿಲ್ಲ."
ದನಿ ಇಳಿಸಿದಳು.
"ಆ ಎರಡು ವರ್ಷ ಅವನು ಸಮುದ್ರದಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.
ಅಂಗಳದಲ್ಲಿ ಪಿಕಪ್ಪಿನೊಳಗೆ ಕೂತಿರುತ್ತಿದ್ದ,
ಎಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದು.
ಊಟಕ್ಕೆ ಕರೆದರೆ
ಹೆಡ್‌ಲೈಟ್ ಒಮ್ಮೆ ಮಿನುಗಿಸುತ್ತಿದ್ದ, ಅಷ್ಟೆ."

"ಷೇರು ಎಷ್ಟಿವೆ ನಿಮ್ಮ ಹತ್ತಿರ?"
"ಒಂದೂ ಇಲ್ಲ. ಇದ್ದದ್ದು ದೋಣಿಯ ಮೋಟಾರಾಯಿತು.
ದೋಣಿ ಮೊನ್ನೆ ತೇಲಿಹೋಯಿತು."

ಟೇಪು ಹಿಡಿದೆ. ನೆಲದಿಂದ ನಲವತ್ತೊಂದು ಅಂಗುಲ.
ನೀರು ಬಿಟ್ಟ ಕಂದು ಗೆರೆ
ಬಾಗಿಲ ಈ ಅಂಚಿನಿಂದ ಆ ಅಂಚಿಗೆ, ನೇರ,
ಅಷ್ಟೂ ದಿಣ್ಣೆ ತಗ್ಗುಗಳನ್ನು ಸೀಳಿಕೊಂಡು.
ಅದು ಎಷ್ಟರ ಮೇಲೆ ನಿಂತಿದೆ ಓದು, ಅಂದಳು.
ಹದಿನೇಳು.
"ನಾನು ತೆಗೆದ ಸರಾಸರಿ ಹತ್ತೊಂಬತ್ತು," ಗಲ್ಲ ಕೆರೆದುಕೊಂಡಳು,
"ನೀರು ನಷ್ಟದ ವರ್ಷಗಳನ್ನೂ ಸೇರಿಸಿಕೊಂಡಿರಬೇಕು."

ನನ್ನ ಫಾರಮ್ಮಿನಲ್ಲಿ ಬರೆದೆ:
ಬಾಗಿಲು, ಪೈನ್ ಮರ, ಒಂದು. ಅರವತ್ತು ಡಾಲರ್.
ಅವಳು ನನ್ನ ಕಿವಿಯ ಹಿಂದಿನ ಪೆನ್ಸಿಲ್ ಕೇಳಿದಳು.
ಕಂಪನಿಯ ವರ್ಷದ ಲೆಕ್ಕ ನಿನ್ನೆ ಬಂದಿತ್ತಂತೆ.
ಮೊಬೈಲ್ ನೋಡಿ, ತುಟಿಯಲ್ಲೇ ಭಾಗಿಸಿ,
ಗೀಟು ಎಳೆದಳು. ಒದ್ದೆ ಮರ ಹಿಡಿಯಲಿಲ್ಲ.
ಇನ್ನೊಮ್ಮೆ, ಒತ್ತಿ.

ಹೊರಗೆ ಸುತ್ತಿಗೆ ನಿಂತಿತು.
"ಎಷ್ಟಂತೆ?"