ಯಾರದು ಕೈ

ಚಹಾ ಬಂತೆಂದು ಎದ್ದಿದ್ದಾರೆ ಜಿಲಾನಿ ಸಾಬರು.
ಕಾಲಿಗೆ ಜೋಮು. ಹರಡು ಒಳಗೆ ಹೊರಳಿ
ಸಿದ್ದಿಕ್ ತಾಲೀಮಿನ ಗಲ್ಲಿಗೆಲ್ಲ ಕೇಳುವಂತೆ
ಟಕ್.

ಬದನೆ ಬಣ್ಣದ ಬಾವು. ಅದರ ನೆತ್ತಿಯಲ್ಲಿ
ನಲವತ್ತು ವರ್ಷ ಚಕ್ಕಳಮಕ್ಕಳ ಕೂತದ್ದಕ್ಕೆ
ನೆಲ ಕೊಟ್ಟ ಕರಿ ಗಂಟು, ಹುಣಸೆಬೀಜ.
ಒತ್ತಿದರೆ ಗಂಟಿಗೆ ನೋವಿಲ್ಲ, ಸುತ್ತೆಲ್ಲ ನೋವು.

ಬೀದರದ ದೊಡ್ಡಾಸ್ಪತ್ರೆಯಲ್ಲಿ ನಾನೇ ತೆಗೆದೆ ಎಕ್ಸ್‌ರೇ.
ಹಾಳೆ ಕಸಿದು ಕಿಟಕಿಗೆ ಹಿಡಿದರು:
ಕಪ್ಪಿನಲ್ಲಿ ಕೂರಿಸಿದ ಬೆಳ್ಳಿ.

ಮುರಿದಿದೆಯಾ ಅಂತ ಕೇಳಲೇ ಇಲ್ಲ.
ಕನ್ನಡಕ ಹಣೆಗೇರಿಸಿ, ಸಣ್ಣೆಲುಬಿನ ತುದಿಯ
ಕೂದಲೆಳೆ ಬಿರುಕಿಗೆ ಉಗುರಿಟ್ಟು,
"ಇಲ್ಲಿ ತಂತಿ ಸರಿ ಕೂತಿಲ್ರಿ," ಅಂದರು,
"ಯಾರದು ಕೈ?"

ಆರು ವಾರ ಪ್ಲಾಸ್ಟರು ಅಂದೆ.
ಸುರಾಯಿ ಒತ್ತಿ ಹಿಡಿಯುವುದು ಇದೇ ಕಾಲು.
ಹಸಿ ಸುಣ್ಣದ ಮೇಲೆ ಆಗಲೇ ಬೆರಳು
ಬಳ್ಳಿಯೊಂದನ್ನು ಶುರುಮಾಡಿತ್ತು;
ಡಾಕ್ಟರು ಬೈದರು.