ಸೋಂಪಿನ ತಟ್ಟೆಯ ಕೆಳಗೆ

ಮಡಿಕೇರಿಯ ಹಳೇ ಬಸ್‌ಸ್ಟ್ಯಾಂಡಿನ ಮೇಲ್ಗಡೆ,
ಟೈಲರ್ ಅಂಗಡಿಯ ಪಕ್ಕದ ಮರದ ಮೆಟ್ಟಿಲು ಹತ್ತಿದರೆ
ಐತಪ್ಪನ ಕೌಂಟರು. ಹನ್ನೊಂದು ಸ್ಟೂಲು,
ಒಂದಕ್ಕೆ ಕಾಲು ಗಿಡ್ಡ; ಅದು ನನ್ನದು.

ನಾನು ಕಾಳುಮೆಣಸಿನ ಮಂಡಿಯಲ್ಲಿ ಗ್ರೇಡು ಮಾಡುವವ.
ಒಂದು ಹಿಡಿ ಅಂಗೈಗೆ ಬಿದ್ದರೆ ಸಾಕು,
ಲೀಟರಿಗೆ ಐನೂರು ಗ್ರಾಮೋ ಐನೂರೈವತ್ತೋ ಹೇಳಬಲ್ಲೆ.
ಅದಕ್ಕೆ ಯಾರೂ ನನಗೆ ಟಿಪ್ಸು ಕೊಟ್ಟದ್ದಿಲ್ಲ.
ಹಾಗಾಗಿ ಐತಪ್ಪನಿಗೆ ಎಷ್ಟಿಡಬೇಕು ಅನ್ನುವ ಲೆಕ್ಕ
ಬಹಳ ದಿನ ಹೊಳೆಯಲಿಲ್ಲ.

ಬಿಲ್ಲಿನಲ್ಲಿ ಇದ್ದದ್ದು: ರಮ್ಮು ತೊಂಬತ್ತು, ಸೋಡಾ ಒಂದು,
ಪಂದಿ ಹುರಿದದ್ದು ಅರ್ಧ ಪ್ಲೇಟು.
ಇಲ್ಲದ್ದು:
ಮುಚ್ಚಳ ತಿರುಗಿಸುತ್ತಲೇ ಒಮ್ಮೆ ಮೂಸಿ
"ಇದು ಬೇಡ, ಬಿಸಿಲಲ್ಲಿ ಕೂತದ್ದು" ಅಂದದ್ದು.
ವಿಸ್ಕಿಗೆ ಐಸು ಕೇಳಿದವನಿಗೆ ಮೂರೇ ಹನಿ ನೀರು ಬಿಟ್ಟು
"ಈಗ ಮೂಸಿ" ಅಂತ ಗ್ಲಾಸು ಸರಿಸಿದ್ದು.
ಸಂಪಾಜೆ ಘಾಟಿ ಇಳಿಯಬೇಕಾದ ಜೀಪಿನ ಬಿದ್ದಪ್ಪನಿಗೆ
ಮೂರನೆಯದರಲ್ಲಿ ಬರೀ ಸೋಡಾ, ನಿಂಬೆ, ಎರಡು ಹನಿ ಕಾಚಂಪುಳಿ,
ಬಣ್ಣ ಮಾತ್ರ ರಮ್ಮಿನದೇ.
ಅವನು ಕುಡಿದು, ಬಾಯಿ ಒರೆಸಿ,
"ಇವತ್ತು ಸ್ಟ್ರಾಂಗು ಕಣೋ" ಅಂತ ಇಳಿದುಹೋದದ್ದು.

ಶನಿವಾರ ಪ್ರವಾಸದವರು ಬರುತ್ತಾರೆ.
ಐನೂರರ ನೋಟು ಎರಡು ಬೆರಳಲ್ಲಿ ಅಲ್ಲಾಡಿಸಿ
"ಬಾಸ್, ಏನಾದ್ರೂ ಸ್ಪೆಷಲ್."
ಐತಪ್ಪ ನೋಟಿನ ಕಡೆ ನೋಡದೆ ಗ್ಲಾಸು ಒರೆಸುತ್ತಾನೆ.
ತಗೊಳ್ಳುತ್ತಾನೆ, ಹೌದು. ತಗೊಳ್ಳದೆ ಏನು.
ಅವರ ಸ್ಪೆಷಲ್ಲು ಮೆನುವಿನ ನಾಲ್ಕನೇ ಸಾಲು.

ನಾನು ಬೇರೆ ಜಾತಿಯ ಗಿರಾಕಿ ಅಂದುಕೊಂಡಿದ್ದೆ.
ಬಲ್ಲವನಿಗೆ ದುಡ್ಡು ಚಾಚುವುದು ಸಣ್ಣತನ ಅಂತ
ಅಕ್ಕನ ಮನೆಯಲ್ಲಿ ನಾಲ್ಕು ವರ್ಷ ಕುಡಿಕೆಯಲ್ಲಿ ಕೂತ ಕಾಚಂಪುಳಿಯನ್ನು
ಕೆಮ್ಮಿನ ಸಿರಪ್ಪಿನ ಬಾಟಲಿಗೆ ತುಂಬಿ ತಂದೆ.
ಅವನು ಮುಂಗೈಗೆ ಒಂದು ಹನಿ ಬಿಟ್ಟು ನೆಕ್ಕಿದ.
ಕಣ್ಣು ಮುಚ್ಚಿದ.
"ಭಾಗಮಂಡಲದ ಕಡೆಯದು. ಸೌದೆ ಒಲೆ.
ಕೊನೆಗೆ ಒಂಚೂರು ತಳ ಹಿಡಿದಿದೆ."
ಅಕ್ಕನಿಗೆ ಫೋನು ಮಾಡಿದೆ. ಹಿಡಿದಿತ್ತಂತೆ.

"ಬಹಳ ಒಳ್ಳೇದುಂಟು ಮಾರಾಯ್ರೆ," ಬಾಟಲಿ ಒಳಗಿಡುತ್ತ ಅಂದ,
"ಆದರೆ ಮಗಳ ನರ್ಸಿಂಗ್ ಕಾಲೇಜಿನವರು
ಫೀಸಿಗೆ ಹುಳಿ ತಗೊಳ್ಳುವುದಿಲ್ಲ."

ಇಬ್ಬರೂ ನಕ್ಕೆವು.
ನನ್ನ ನಗು ಮೊದಲು ನಿಂತಿತು.

ಅಂದಿನಿಂದ, ಸುರಿದದ್ದಕ್ಕೆ ಬಿಲ್ಲಿನ ಹತ್ತರಲ್ಲೊಂದು.
ಸುರಿಯದೆ ಬಿಟ್ಟದ್ದಕ್ಕೆ ಇನ್ನೊಂದಷ್ಟು.
ಚಿಲ್ಲರೆಯಲ್ಲ, ನೋಟು. ಮಡಚಿ, ಸೋಂಪಿನ ತಟ್ಟೆಯ ಕೆಳಗೆ.
ಕರೆಯುವುದಿಲ್ಲ, ಹೇಳುವುದಿಲ್ಲ.
ಅರ್ಧ ಮೆಟ್ಟಿಲು ಇಳಿದಾಗ ತಟ್ಟೆ ಸರಿದ ಸದ್ದು ಕೇಳುತ್ತದೆ,
ಅಷ್ಟೇ ನಮ್ಮ ಮಾತು.

ನಿನ್ನೆ ನನ್ನ ಮೂರನೆಯದು ಯಾಕೋ ಹುಳಿಯಾಗಿತ್ತು.
ನಾಲಿಗೆಯ ತುದಿಗೆ ಸಣ್ಣಗೆ ತಳ ಹಿಡಿದ ವಾಸನೆ.
"ಇವತ್ತು ಸ್ಟ್ರಾಂಗು ಐತಪ್ಪ" ಅಂದೆ,
ಏನೂ ತಿಳಿಯದವನ ಹಾಗೆ ಎದ್ದೆ.
ನೋಟು ಮಾತ್ರ ಎರಡು ಇಟ್ಟೆ.