ಪುಟ್ಟಿಯ ಕೆಳಗೆ

ನಾನು ಪೇದೆಯಾದ ವರ್ಷ ಕಳ್ಳನಿಗೆ ಕಾಲುಗಳಿದ್ದವು.
ಬೆಳಕಿಂಡಿಯಿಂದ ಇಳಿಯುತ್ತಿದ್ದ ಹಾಲೇಶಿ,
ಮೈಗೆಲ್ಲ ಶೇಂಗಾ ಎಣ್ಣೆ, ಎಡಗಾಲಿಗೆ ಆರು ಬೆರಳು.
ಹಿತ್ತಲ ಹಸಿಮಣ್ಣಲ್ಲಿ ಹೆಜ್ಜೆ ಸಿಕ್ಕರೆ
ಮನೆಯವರಿಂದ ಒಂದು ಪುಟ್ಟಿ ಇಸಕೊಂಡು
ಕೋಳಿಮರಿಗೆ ಕವುಚಿದಂತೆ ಕವುಚಿ
ಮೇಲೊಂದು ಕಲ್ಲು ಹೇರಿ ಕಾಯುತ್ತಿದ್ದೆ,
ದುರ್ಗದಿಂದ ಅಚ್ಚು ತೆಗೆಯುವವರು ಬರುವತನಕ.
ಒಮ್ಮೆ ಬೆಳಗಿನಜಾವ ಮಳೆ.
ಪುಟ್ಟಿಗೆ ನನ್ನ ರೇನ್‌ಕೋಟು ಹೊದಿಸಿ ನಾನು ತೊಯ್ದೆ.
ಸಿಕ್ಕಿಬಿದ್ದಾಗ ಹಾಲೇಶಿ ಕೇಳಿದ ಮೊದಲ ಮಾತು:
"ಸಾಹೇಬ್ರೆ, ಜ್ವರ ಬಂದಿತ್ತಂತಲ್ಲ, ವಾಸಿ ಆತಾ?"

ಈಗ ಬೀಟ್ ಪುಸ್ತಕವಿಲ್ಲ.
ಮಂಡಿಪೇಟೆಯ ಶಟರಿನ ಪಕ್ಕ ಅಂಟಿಸಿದ ಚುಕ್ಕಿಚೌಕಕ್ಕೆ
ರಾತ್ರಿ ಎರಡೂವರೆಗೆ ಮೊಬೈಲು ತೋರಿಸುತ್ತೇನೆ.
ಅದು ಟಿಂಗ್ ಅನ್ನುತ್ತದೆ, ನಾನು ಬಂದದ್ದು ನಿಜವಾಗುತ್ತದೆ.
ನಾಯಿಗಳು ನೋಡಿ ಮಗ್ಗುಲು ಬದಲಿಸುತ್ತವೆ.
ಎಟಿಎಂ ಬಾಗಿಲಲ್ಲಿ, ವಾಚ್‌ಮನ್ ಸ್ಟೂಲಿನ ಮೇಲೆ, ಹಾಲೇಶಿ:
"ಇದ್ರೊಳಗೇನೂ ಇಲ್ಲಂತೆ ಸಾಹೇಬ್ರೆ,
ರೊಕ್ಕೆಲ್ಲ ಈಗ ಗಾಳಿಯಾಗೆ ಓಡಾಡ್ತತಂತೆ."

ಕದ್ದ ಸೈಕಲ್ಲು ಒಟ್ಟುತ್ತಿದ್ದ ಕೋಣೆಗೆ ಎಸಿ ಬಂದಿದೆ,
ಕಂಪ್ಯೂಟರಿಗೆ, ನಮಗಲ್ಲ.
ಅಲ್ಲಿ ಸಬ್‌ಇನ್‌ಸ್ಪೆಕ್ಟರ್ ಚಂದ್ರಕಲಾ ಮೇಡಂ,
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು,
ಬಿಳಿ ಹಲಗೆಯ ಮೇಲೆ ಗೆರೆ ಎಳೆಯುತ್ತಾರೆ:
ಹನ್ನೊಂದು ನಿಮಿಷ, ಹತ್ತೊಂಬತ್ತು ಖಾತೆ,
ಇಪ್ಪತ್ತನೆಯದಕ್ಕೆ ಬರೀ ಪ್ರಶ್ನೆಚಿಹ್ನೆ.
"ಅಷ್ಟೊತ್ತಿಗೆ ನಾನು ಬೂಟಿನ ಲಾಡಿನೂ ಕಟ್ಟಿರಲ್ಲ ಮೇಡಂ" ಅಂದೆ.
ನಗಲಿಲ್ಲ. ನಿಟುವಳ್ಳಿಯ ಒಂದು ವಿಳಾಸ ಕೊಟ್ಟರು.

ಗಂಗಾಂಬಿಕಾ ಸಿಸ್ಟರ್ ಬಾಗಿಲು ತೆಗೆಯಲಿಲ್ಲ.
ಎರಡು ಹಗಲು ಎರಡು ರಾತ್ರಿ
ಅವರ ಮನೆಯಲ್ಲೇ ಅವರನ್ನು ಬಂಧಿಸಿಟ್ಟವನು
ಫೋನಿನೊಳಗಿನ ಪೊಲೀಸ್ ಅಧಿಕಾರಿ.
ಅನ್ನಕ್ಕಿಟ್ಟಾಗಲೂ ಕ್ಯಾಮೆರಾ ಒಲೆಯ ಕಡೆಗೇ ಇರಬೇಕು,
ನಿದ್ದೆಗೂ ಅನುಮತಿ.
ಅವನ ಹಿಂದೆ ಧ್ವಜ, ಭುಜದ ಮೇಲೆ ಮೂರು ನಕ್ಷತ್ರ,
ಇಸ್ತ್ರಿಯ ಗೆರೆ ನನ್ನದಕ್ಕಿಂತ ನೆಟ್ಟಗೆ.
ದೇಶದ ಭದ್ರತೆಯ ಪ್ರಶ್ನೆ ಅಂದಿದ್ದನಂತೆ.
ದೇಶಕ್ಕೆಂದು ಇಪ್ಪತ್ತಾರು ಲಕ್ಷ ಕಳಿಸಿದ್ದರು.

ಕಿಟಕಿಯ ಸಂದಿಗೆ ಗುರುತಿನ ಚೀಟಿ ಹಿಡಿದೆ.
"ಅವನೂ ತೋರಿಸಿದ್ದ."
ಠಾಣೆಯ ನಂಬರು ಹೇಳಿದೆ.
"ಅವನೂ ಹೇಳಿದ್ದ."
ಸ್ವಲ್ಪ ಹೊತ್ತು ಒಳಗೆ ಫ್ಯಾನಿನ ಸದ್ದು. ಆಮೇಲೆ,
"ಹೊಂಡದ ಸರ್ಕಲ್ಲಾಗೆ ಒಂದ್ ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ಎಷ್ಟು?"
ಇಪ್ಪತ್ತೆಂಟು ವರ್ಷ ತಿಂದಿದ್ದೇನೆ.
ಬಾಯಿ ತೆರೆದೆ, ಲೆಕ್ಕ ಬರಲಿಲ್ಲ.
"ಗೊತ್ತಿಲ್ರೀ ಸಿಸ್ಟರ್. ನಮ್ಮತ್ರ ಯಾರೂ ರೊಕ್ಕ ಇಸ್ಕಳಲ್ಲ."

ಚಿಲಕ ಸರಿಯಿತು.

ನಡುಮನೆಯ ನೆಲದ ಮೇಲೆ
ಒಂದು ಪುಟ್ಟಿ, ಬೋರಲು,
ಮೇಲೊಂದು ಗುಂಡುಕಲ್ಲು.
ಕೆಳಗೆ ಫೋನು ಗುರುಗುಟ್ಟುತ್ತಿತ್ತು,
ನಿಲ್ಲುತ್ತಿತ್ತು, ಮತ್ತೆ.
ತೆಗೆಯಲಾ ಅಂದೆ.
"ತಡೀರಿ, ತಲಿ ಬಾಚ್ಕಂತೀನಿ" ಅಂದರು.

ಆರನೆಯ ಖಾತೆ ನಮ್ಮೂರಿನದೇ.
ಮಂಡಕ್ಕಿ ಭಟ್ಟಿಯ ಸಾಲಿನಲ್ಲಿ, ಹೊಗೆಯೊಳಗೆ,
ದುರುಗೇಶ, ಇಪ್ಪತ್ತು ವರ್ಷ, ರೆಪ್ಪೆಯ ಮೇಲೂ ಬೂದಿ.
ಅವನು ಕಾದ ಮರಳಿಗೆ ಅಕ್ಕಿ ಸುರಿಯುತ್ತಿದ್ದಾಗ
ಸಿಸ್ಟರ ದುಡ್ಡು ಅವನ ಹೆಸರಿನಲ್ಲಿ ಬಂದು
ನಲವತ್ತು ಸೆಕೆಂಡು ಕೂತು ಎದ್ದುಹೋಗಿದೆ.
ಪಾಸ್‌ಬುಕ್ಕು, ಸಿಮ್ಮು, ಕಾರ್ಡು ನಾಲ್ಕು ಸಾವಿರಕ್ಕೆ
ಯಾರೋ ಅಣ್ಣನಿಗೆ ಕೊಟ್ಟಿದ್ದ.
ಅಣ್ಣನ ಹೆಸರು? ಅಣ್ಣ.
ರೊಕ್ಕ ಏನು ಮಾಡಿದಿ?
ಡಬ್ಬಿ ತಂದು ಮುಂದಿಟ್ಟ. ಬಿಳಿ ಶೂ.
"ಒಂದಿನಾನೂ ಹಾಕಿಲ್ಲ ಸಾ. ಭಟ್ಟಿಯಾಗೆ ತಳ ಕರಗ್ತತಿ."

ತಿರುಗಿಸಿ ನೋಡಿದೆ, ಹಳೆಯ ಚಾಳಿ.
ಒಂದು ಕಣ ಮಣ್ಣಿಲ್ಲ.
ಪಂಚರನ್ನು ಕರೆಸಿ ಮಹಜರು ಬರೆದೆ:
ಬಿಳಿ ಬಣ್ಣದ ಶೂ, ಒಂದು ಜೊತೆ, ಅಳತೆ ಎಂಟು,
ಹೆಜ್ಜೆ ಗುರುತು...
ಪೆನ್ನು ಅಲ್ಲೇ ನಿಂತಿತು.
ದುರುಗೇಶ ಬಗ್ಗಿ ಹೇಳಿದ,
"ಸಾ, ಡಬ್ಬಿನೂ ತಗಳ್ರಿ, ಇಲ್ಲಾಂದ್ರೆ ಧೂಳಾಗ್ತತಿ."